‘ಇಲ್ಲ’ಕ್ಕೂ ‘ಬೇಡ’ಕ್ಕೂ ನಡುವೆ

ಪುಣೆಯ ನಮ್ಮ ಬಾಡಿಗೆ ಮನೆಗೆ ಫೈಬರ್ ಬರಲು ಐದು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಸಿಮ್ ಹಾಕಿದ ಪುಟ್ಟ ರೂಟರ್‌ನಲ್ಲೇ ಮೂವರ ಸಂಸಾರ. ದಿನಕ್ಕೆ 2 ಜಿಬಿ. ಮುಗಿದರೆ ವೇಗ 64 ಕೆಬಿಪಿಎಸ್, ಅಂದರೆ ನಿಂತ ಹಾಗೆಯೇ. ಸಂಜೆ ಕ್ಲೈಂಟ್ ಕಾಲ್ ಹೊತ್ತಿಗೆ ಡೇಟಾ ಖಾಲಿ. ಕೊನೆಗೆ ರೂಟರ್‌ನ ಡಿಎನ್‌ಎಸ್ ಬದಲಿಸಿದೆ.

ನಾವು ಟೈಪ್ ಮಾಡುವ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಈ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದರು. ಸಾಮಾನ್ಯವಾಗಿ ನಮಗೆ ಉತ್ತರ ಕೊಡುವುದು ಇಂಟರ್ನೆಟ್ ಕಂಪನಿಯ ಸರ್ವರ್. ಆದರೆ ಬೇರೆಯವರನ್ನೂ ಕೇಳಬಹುದು. ಕ್ಲೌಡ್‌ಫ್ಲೇರ್ 2020ರಲ್ಲಿ ಶುರು ಮಾಡಿದ 1.1.1.3 ಮಾಲ್‌ವೇರ್ ಮತ್ತು ಅಶ್ಲೀಲ ತಾಣಗಳನ್ನು ತಡೆಯುತ್ತದೆ. ಜಾಹೀರಾತು ತಡೆಯುವ ಸರ್ವರ್‌ಗಳೂ ಇವೆ. ವಿಳಾಸವೇ ಸಿಗದಿದ್ದರೆ ಜಾಹೀರಾತು ಇಳಿಯುವುದಿಲ್ಲ, ಅಷ್ಟು ಡೇಟಾ ಉಳಿಯುತ್ತದೆ. ನಾನು ಎರಡನ್ನೂ ತಡೆಯುವ ಒಂದನ್ನು ಆರಿಸಿಕೊಂಡೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಅನ್ನಿಸಿತ್ತು.

ಒಂದು ಸಂಜೆ ಎಂಟನೇ ಕ್ಲಾಸಿನ ಮಗಳು ಬಂದು, “ಅಪ್ಪಾ, ಈ ಸೈಟ್ ಓಪನ್ ಆಗ್ತಿಲ್ಲ” ಅಂದಳು. ಮುಟ್ಟಿನ ಬಗ್ಗೆ ಹದಿಹರೆಯದವರಿಗೆ ತಿಳಿಸುವ ಆರೋಗ್ಯ ತಾಣ. ಫಿಲ್ಟರ್ ಅದನ್ನು ಅಶ್ಲೀಲದ ಪಟ್ಟಿಗೆ ಸೇರಿಸಿದೆ ಎಂದು ನನಗೆ ಕೂಡಲೇ ಹೊಳೆಯಿತು. ಬಾಯಿಂದ ಬಂದದ್ದು ಮಾತ್ರ, “ನೆಟ್‌ವರ್ಕ್ ಸರಿ ಇಲ್ಲ ಪುಟ್ಟಾ.”

ಫಿಲ್ಟರ್ ಮಾಡುವ ಡಿಎನ್‌ಎಸ್ ಕೂಡ ಎಷ್ಟೋ ಸಲ ಹೀಗೆಯೇ ಉತ್ತರಿಸುತ್ತದೆ. ‘ತಡೆದಿದ್ದೇನೆ’ ಎನ್ನುವ ಬದಲು ‘ಆ ಹೆಸರೇ ಇಲ್ಲ’ ಎನ್ನುತ್ತದೆ, ಇಲ್ಲವೇ 0.0.0.0 ಎಂಬ ಊರಿಲ್ಲದ ವಿಳಾಸ ಕೊಡುತ್ತದೆ. ಮೊದಲು ಯಂತ್ರ ಸುಳ್ಳು ಹೇಳಿತು, ಆಮೇಲೆ ನಾನು.

ಕನ್ನಡದಲ್ಲಿ ‘ಇಲ್ಲ’ ಬೇರೆ, ‘ಬೇಡ’ ಬೇರೆ. ಡಬ್ಬಿಯಲ್ಲಿ ಉಂಡೆ ಇಟ್ಟುಕೊಂಡು ಮಗುವಿಗೆ ‘ಬೇಡ’ ಎನ್ನುವ ತಾಯಿ ಜಗಳಕ್ಕೆ ಸಿದ್ಧಳಾಗಿರುತ್ತಾಳೆ. ‘ಇಲ್ಲ’ ಎಂದರೆ ಮಾತು ಅಲ್ಲಿಗೇ ಮುಗಿಯಿತು. ‘ಬೇಡ’ಕ್ಕೆ ‘ಯಾಕೆ ಬೇಡ?’ ಎಂದು ಕೇಳಬಹುದು. ‘ಇಲ್ಲ’ವನ್ನು ಏನಂತ ಕೇಳುವುದು? ತಡೆಯುವ ಅಧಿಕಾರ ಅಪ್ಪನಿಗೆ ಇರಬಹುದು, ಆದರೆ ತಡೆದದ್ದನ್ನು ಮರೆಮಾಚುವ ಅಧಿಕಾರ ಅದರ ಜೊತೆಗೇ ಬರುವುದಿಲ್ಲ.

ನಿಜ, 2 ಜಿಬಿ ಇರುವ ಮನೆಯಲ್ಲಿ ಯಾರಾದರೂ ಹಂಚಲೇಬೇಕು. ಆದರೆ ನಾನು ಹಂಚಿರಲಿಲ್ಲ, ನಾನು ಕಾಣದ ಯಾರೋ ಮಾಡಿದ ಪಟ್ಟಿಗೆ ಆ ಕೆಲಸ ಒಪ್ಪಿಸಿದ್ದೆ. ನಮ್ಮ ಮನೆಯಿಂದ ಯಾವ ಯಾವ ಹೆಸರು ಕೇಳಲಾಗುತ್ತದೆ ಎಂಬುದೂ ಅವರಿಗೇ ಹೋಗುತ್ತಿತ್ತು. ಡಿಎನ್‌ಎಸ್‌ಗೆ ಹೆಸರು ಮಾತ್ರ ಗೊತ್ತು, ಪುಟದಲ್ಲಿ ಏನಿದೆ ಎಂಬುದು ಗೊತ್ತಿಲ್ಲ. ಒಂದು ಕೋಣೆಯ ಮೇಲೆ ಅನುಮಾನ ಬಂದರೂ ಇಡೀ ಮನೆಗೆ ಬೀಗ ಹಾಕುತ್ತದೆ.

ಆಮೇಲೆ ಫೈಬರ್ ಬಂತು. ಡೇಟಾದ ಚಿಂತೆ ಹೋಯಿತು. ಹೊಸ ರೂಟರ್‌ಗೂ ಅದೇ ಡಿಎನ್‌ಎಸ್ ಹಾಕಲು ಕೂತಾಗ ಕೈ ತಡೆಯಿತು. ಕೊರತೆಯೇ ಕಾರಣವಾಗಿದ್ದರೆ ಕೊರತೆ ಮುಗಿದ ದಿನ ಫಿಲ್ಟರ್ ಕೂಡ ಹೋಗಬೇಕಿತ್ತಲ್ಲ? ಡೇಟಾ ಉಳಿತಾಯ ನನಗೆ ಒಳ್ಳೆಯ ನೆಪವಾಗಿತ್ತು.

ಮಗಳನ್ನು ಕರೆದು ಎಲ್ಲ ಹೇಳಿದೆ. “ಅವತ್ತು ನೆಟ್‌ವರ್ಕ್ ಸರಿ ಇತ್ತಾ?” ಎಂದಳು. ಇತ್ತು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತೆ ನಿನ್ನ ಕ್ರಿಕೆಟ್ ಹೈಲೈಟ್ಸ್ ಯಾಕೆ ಬ್ಲಾಕ್ ಆಗಿರಲಿಲ್ಲ?” ಎಂದು ಕೇಳಿದಳು.

ಜಾಹೀರಾತುಗಳಿಗಿಂತ ಹೆಚ್ಚು ಡೇಟಾ ತಿನ್ನುತ್ತಿದ್ದದ್ದು ನನ್ನ ಆ ವಿಡಿಯೊಗಳೇ. ಅವು ಯಾವ ಪಟ್ಟಿಯಲ್ಲೂ ಇರಲಿಲ್ಲ. ಪಟ್ಟಿಯನ್ನು ಆರಿಸಿದವನು ನಾನೇ ತಾನೆ.

ಈಗ ಮಾಲ್‌ವೇರ್ ತಡೆಯುವ ಡಿಎನ್‌ಎಸ್ ಮಾತ್ರ ಇದೆ, ಮೂವರಿಗೂ ಗೊತ್ತಿದ್ದೇ ಇದೆ. ಉಳಿದದ್ದಕ್ಕೆ ‘ಬೇಡ’ ಎನ್ನಬೇಕಾದಾಗ ನಾನೇ ಬಾಯಿ ಬಿಟ್ಟು ಹೇಳುತ್ತೇನೆ. ಜಗಳ ಆಗುತ್ತದೆ. ಕೆಲವು ಸಲ ಸೋಲುತ್ತೇನೆ.