ಕಲ್ಪನೆಯ ಕವಚವೂ ಶ್ರಾವಕನ ವ್ರತವೂ

ಅನಂತ ಚತುರ್ದಶಿಯ ಸಂಜೆ. ಚಿಂತಾಮಣಿಯ ಒಂದು ಶ್ರಾವಕ ಕುಟುಂಬವನ್ನು ದೃಷ್ಟಾಂತಕ್ಕಾಗಿ ಭಾವಿಸಿಕೊಳ್ಳಬಹುದು. ಮನೆಯವರೆಲ್ಲರೂ ಉಪವಾಸದಲ್ಲಿದ್ದಾರೆ. ಹದಿಮೂರು ವರ್ಷದ ಹುಡುಗನೂ ಹಟಹಿಡಿದು ಉಪವಾಸ ಮಾಡಿದ್ದಾನೆ. ಹೊತ್ತು ಹೋಗಲೆಂದು ಮೂಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಆಟವಾಡುತ್ತಿದ್ದಾನೆ. ಆಟದಲ್ಲಿ ಬೆಂಕಿಯುಗುಳುವ ಘಟಸರ್ಪವೊಂದು ಸತ್ತು ಬೀಳುತ್ತದೆ. ಅದರ ಮೂಳೆಯಿಂದ ಖಡ್ಗವೂ ಹುರುಪೆಗಳಿಂದ ಕವಚವೂ ಸಿದ್ಧವಾಗುತ್ತವೆ. ಹುಡುಗನ ವೀರನು ಅದನ್ನು ತೊಟ್ಟು ಮುಂದಿನ ಪ್ರಾಣಿಯನ್ನು ಅರಸಿ ಹೊರಡುತ್ತಾನೆ. ಪೂಜೆ ಮುಗಿಸಿ ಬಂದ ಅಜ್ಜಿ ಇದನ್ನು ಕಂಡು, "ಉಪವಾಸದ ದಿನ ಇದೆಂಥ ಕೊಲೆಯೋ ಮಗು?" ಎನ್ನುತ್ತಾರೆ. ಹುಡುಗ ತಲೆಯೆತ್ತದೆಯೇ ಉತ್ತರ ಕೊಡುತ್ತಾನೆ: "ಇದು ಬರೀ ಚಿತ್ರ ಅಜ್ಜಿ, ಇಂಥ ಪ್ರಾಣಿ ಲೋಕದಲ್ಲೇ ಇಲ್ಲ. ನೀವು ಉಟ್ಟಿರೋ ಸೀರೆಯ ಹುಳು ಇತ್ತಲ್ಲ?"

ಹುಡುಗನ ಮಾತು ಉದ್ಧಟತನವೆಂದು ಗದರಿಸಿಬಿಡುವುದು ಸುಲಭ. ಆದರೆ ಶಿಡ್ಲಘಟ್ಟಕ್ಕೆ ಇಷ್ಟು ಸಮೀಪದಲ್ಲಿ ಬೆಳೆದ ಹುಡುಗನಿಗೆ ರೇಷ್ಮೆಯ ಹುಳುವಿನ ಗತಿ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರಶ್ನೆಯನ್ನು ಕೇಳಿದವನು ಯಾರು, ಯಾವ ಧ್ವನಿಯಲ್ಲಿ ಕೇಳಿದನು ಎಂಬುದನ್ನು ಬದಿಗಿಟ್ಟು ನೋಡಿದರೆ, ಅದರಲ್ಲಿ ಅಹಿಂಸಾಣುವ್ರತದ ಎರಡು ತೊಡಕುಗಳು ಒಟ್ಟಿಗೇ ಅಡಗಿವೆ. ಇಲ್ಲದ ಪ್ರಾಣಿಯನ್ನು ಕೊಂದು ಅದರ ಅವಶೇಷವನ್ನು ಧರಿಸುವ ಕಲ್ಪನೆಯಿಂದ ವ್ರತಕ್ಕೆ ದೋಷ ಬರುವುದೇ? ಇದ್ದ ಪ್ರಾಣಿಯ ಅವಶೇಷವನ್ನು, ಕೊಲ್ಲುವ ಕಲ್ಪನೆಯೇ ಇಲ್ಲದೆ ಧರಿಸುವುದರಿಂದ ಬರುವುದೇ?

ಪ್ರಾಣಿಯ ದೇಹದಿಂದ ಆಯುಧವನ್ನೂ ಕವಚವನ್ನೂ ಮಾಡುವ ಕಥೆಗಳು ಇಂದಿನ ಆಟಗಳವರ ಆವಿಷ್ಕಾರವಲ್ಲ. ದಧೀಚಿಯ ಬೆನ್ನೆಲುಬಿನಿಂದ ಇಂದ್ರನ ವಜ್ರಾಯುಧವಾಯಿತೆಂದು ವೈದಿಕ ಪುರಾಣಗಳು ಹೇಳುತ್ತವೆ. ಸಮುದ್ರದಲ್ಲಿದ್ದ ಪಂಚಜನನೆಂಬ ದೈತ್ಯನನ್ನು ಕೊಂದು ಕೃಷ್ಣನು ಪಾಂಚಜನ್ಯ ಶಂಖವನ್ನು ಪಡೆದನೆಂದು ಭಾಗವತದಲ್ಲಿದೆ. ಗ್ರೀಕರ ಹೆರಾಕ್ಲಿಸನ ಕಥೆ ಇನ್ನೂ ವಿಲಕ್ಷಣವಾದುದು: ಯಾವ ಶಸ್ತ್ರಕ್ಕೂ ಸೀಳದ ಸಿಂಹವನ್ನು ಅವನು ಕತ್ತು ಹಿಸುಕಿ ಕೊಂದು, ಅದರ ಉಗುರಿನಿಂದಲೇ ಅದರ ಚರ್ಮವನ್ನು ಸುಲಿದು ಮೈಗೆ ಹೊದೆದನು. ಚಿಕ್ಕಬಳ್ಳಾಪುರದ ಸೀಮೆಯೂ ಇಂಥ ಕಥೆಗಳಿಂದ ದೂರವಿಲ್ಲ. ನಂದಿಬೆಟ್ಟದ ಸುತ್ತಿನಲ್ಲಿ ಹುಟ್ಟಿ ಗೌರಿಬಿದನೂರಿನ ಕಡೆಗೆ ಹರಿಯುವ ಉತ್ತರ ಪಿನಾಕಿನಿಯ ಹೆಸರಿನಲ್ಲಿಯೇ ಪಿನಾಕವೆಂಬ ಬಿಲ್ಲು ಇದೆ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಬಕಾಸುರನನ್ನು ಭೀಮನು ಕೊಂದ ಏಕಚಕ್ರಪುರವೆಂದು ಜನರು ನಂಬಿದ್ದಾರೆ.

ಈ ಕಥೆಗಳಲ್ಲೆಲ್ಲ ಒಂದು ಜಾಣ್ಮೆಯ ಏರ್ಪಾಡು ಕಾಣುತ್ತದೆ. ದೇಹವನ್ನು ಕಳೆದುಕೊಂಡವನು ಒಂದೋ ದಧೀಚಿಯಂತೆ ತಾನಾಗಿ ಒಪ್ಪಿ ಕೊಟ್ಟಿರುತ್ತಾನೆ, ಇಲ್ಲವೇ ಪಂಚಜನನಂತೆ, ಬಕನಂತೆ ಕೊಲ್ಲಲು ಯೋಗ್ಯನಾದ ದುಷ್ಟನಾಗಿರುತ್ತಾನೆ. ಒಪ್ಪದೆ, ತಪ್ಪೂ ಮಾಡದೆ ಸತ್ತ ಪ್ರಾಣಿಯ ಮೂಳೆಯಿಂದ ಖಡ್ಗ ಮಾಡಿದ ವೀರನ ಕಥೆಯನ್ನು ಯಾರೂ ಹೆಮ್ಮೆಯಿಂದ ಹೇಳಲಾರರು. ಕಥೆಗಾರನ ಮನಸ್ಸಿಗೂ ಅಲ್ಲಿ ಏನೋ ಚುಚ್ಚುತ್ತದೆ. ಆದುದರಿಂದಲೇ ಅವನು ಮೊದಲೇ ವೀರನ ಕೈ ತೊಳೆದು ಕಥೆಯನ್ನು ಆರಂಭಿಸುತ್ತಾನೆ.

ಜೈನ ಪುರಾಣಕಾರರು ಇದನ್ನು ಬೇರೊಂದು ಬಗೆಯಲ್ಲಿ ನಿರ್ವಹಿಸಿದ್ದಾರೆ. ಚಕ್ರವರ್ತಿಯ ಹದಿನಾಲ್ಕು ರತ್ನಗಳಲ್ಲಿ ಚರ್ಮರತ್ನವೂ ಒಂದು. ಭರತೇಶನ ದಿಗ್ವಿಜಯದಲ್ಲಿ ಮೇಘಮುಖರು ಏಳು ದಿನ ಮಳೆಗರೆದಾಗ, ಕೆಳಗೆ ಚರ್ಮರತ್ನ, ಮೇಲೆ ಛತ್ರರತ್ನ, ಇವುಗಳ ನಡುವೆ ಸೈನ್ಯವೆಲ್ಲ ಸುರಕ್ಷಿತವಾಗಿದ್ದಿತೆಂದು ಆದಿಪುರಾಣದಲ್ಲಿದೆ. ಇಷ್ಟು ವಿಸ್ತಾರವಾದ ಆ ಚರ್ಮ ಯಾವ ಪ್ರಾಣಿಯದು? ಯಾವುದರದೂ ಅಲ್ಲ. ಅದು ಚಕ್ರವರ್ತಿಯ ಪುಣ್ಯೋದಯದಿಂದ ಶ್ರೀಗೃಹದಲ್ಲಿ ತಾನಾಗಿ ಉತ್ಪನ್ನವಾಗುತ್ತದೆ. ಹೆಸರು ಚರ್ಮವೆಂದೇ ಉಳಿದಿದೆ. ಸುಲಿಯುವ ಕೈಯಾಗಲಿ, ಸುಲಿಸಿಕೊಳ್ಳುವ ಮೈಯಾಗಲಿ ಕಥೆಯಲ್ಲಿಲ್ಲ. ಯುದ್ಧವನ್ನು ವರ್ಣಿಸಲೇಬೇಕಾಗಿದ್ದ ಆಚಾರ್ಯರು ಕವಚವೊಂದನ್ನಾದರೂ ರಕ್ತವಿಲ್ಲದೆ ಕಲ್ಪಿಸಿದರು.

ಕಲ್ಪನೆಯಲ್ಲಿಯೂ ಇಷ್ಟು ಎಚ್ಚರ ಏಕೆಂಬುದಕ್ಕೆ ಕನ್ನಡಿಗರಿಗೆ ಜನ್ನನ ಯಶೋಧರ ಚರಿತೆಗಿಂತ (ಕ್ರಿ.ಶ. 1209) ಹತ್ತಿರದ ಸಾಕ್ಷಿ ಬೇಕಾಗಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಜೀವದ ಕೋಳಿಯನ್ನು ಕೊಲ್ಲಲೊಲ್ಲದೆ ಯಶೋಧರನು ಹಿಟ್ಟಿನ ಕೋಳಿಯನ್ನು ಚಂಡಮಾರಿಗೆ ಬಲಿಕೊಟ್ಟನು. ಸತ್ತುದು ಹಿಟ್ಟು. ಆದರೂ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಕೊಲ್ಲುತ್ತಲೂ ಕೊಲ್ಲಿಸಿಕೊಳ್ಳುತ್ತಲೂ ತಿರುಗಿದರು. ದ್ರವ್ಯಹಿಂಸೆ ನಡೆಯದಿದ್ದರೂ ಭಾವಹಿಂಸೆಯಿಂದ ಕರ್ಮಬಂಧವುಂಟೆಂಬುದು ಅಲ್ಲಿಯ ತಾತ್ಪರ್ಯ.

ಈ ಕಥೆಯನ್ನು ಮುಂದಿಟ್ಟು ಹುಡುಗನ ಆಟವೂ ಹಿಟ್ಟಿನ ಕೋಳಿಯೇ ಎಂದು ತೀರ್ಪುಕೊಡುವವರಿದ್ದಾರೆ. ಅದು ಅವಸರದ ಮಾತು. ಯಶೋಧರನಿಗೆ ಬೇಕಾಗಿದ್ದುದು ಬಲಿಯ ಫಲ. ಹಿಟ್ಟನ್ನು ಅವನು ಕೋಳಿಯೆಂದು ಸಂಕಲ್ಪಿಸಿ, ಕೊಂದುದಾಗಲೆಂದು ಕತ್ತಿಯೆತ್ತಿದನು. ಆಟದ ಹುಡುಗನು ಚಿತ್ರವನ್ನು ಚಿತ್ರವೆಂದೇ ತಿಳಿದಿದ್ದಾನೆ. ಅವನ ಮನಸ್ಸು ಬಹುಮಟ್ಟಿಗೆ ಕೈಚಳಕದಲ್ಲಿ, ಗೆಲುವಿನಲ್ಲಿ, ಮುಂದಿನ ಹಂತವನ್ನು ಮುಟ್ಟುವ ಆತುರದಲ್ಲಿ ಇರುತ್ತದೆ. ಇದನ್ನೂ ಜೀವದ ಮೇಕೆಯ ಕೊಲೆಯನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ, ಹುಡುಗನಿಗೆ ಆಟದ ಮೇಲೆ ತಿರಸ್ಕಾರ ಹುಟ್ಟುವುದಕ್ಕೆ ಬದಲು ತಕ್ಕಡಿಯ ಮೇಲೆಯೇ ಅವಿಶ್ವಾಸ ಹುಟ್ಟೀತು.

ಆದರೆ ಆಟವು ನಿರ್ದೋಷವೆಂದೂ ಇದರಿಂದ ಸಿದ್ಧವಾಗುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಹಿಂಸಾದಾನವೆಂದರೆ ಕತ್ತಿ ಕೊಡಲಿ ಮುಂತಾದ ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವುದು. ದುಃಶ್ರುತಿಯೆಂದರೆ ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದು. ಆಚಾರ್ಯರ ಸೂಕ್ಷ್ಮದೃಷ್ಟಿ ಇಲ್ಲಿದೆ. ಆಯುಧವನ್ನು ಕೊಡುವುದು ಒಂದು ದೋಷ, ಆಯುಧದ ಕಥೆಯಲ್ಲಿ ಮುಳುಗುವುದು ಇನ್ನೊಂದು, ಎರಡೂ ಒಂದೇ ಅಲ್ಲ, ಎರಡೂ ಇಲ್ಲದಂತೆಯೂ ಇಲ್ಲ. ಹುಡುಗನ ಆಟ ಸಲ್ಲುವುದು ಈ ಎರಡನೆಯ ಕಡೆಗೆ. ಸಾಯುವ ಪ್ರಾಣಿಯ ನರಳಾಟವೇ ರುಚಿಸತೊಡಗಿದರೆ ಮಾತ್ರ ಅದು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿರುವ ರೌದ್ರಧ್ಯಾನಕ್ಕೆ ತಿರುಗುತ್ತದೆ. ತಿರುಗಿತೋ ಇಲ್ಲವೋ ಎಂಬುದು ಹೊರಗಿನವರಿಗೆ ಕಾಣುವುದು ಆಟ ಮುಗಿದ ಮೇಲೆ, ಹಿತ್ತಲಿಗೆ ಬಂದ ನಾಯಿಯೊಡನೆ ಹುಡುಗನು ಹೇಗೆ ನಡೆದುಕೊಳ್ಳುತ್ತಾನೆ ಎಂಬುದರಲ್ಲಿ.

ಉಪವಾಸದ ದಿನದ ಮಾತು ಬೇರೆ. ಪ್ರೋಷಧೋಪವಾಸವು ಅನ್ನವನ್ನು ಬಿಡುವುದಷ್ಟೇ ಅಲ್ಲ. ಇಂದ್ರಿಯಗಳ ವ್ಯಾಪಾರವನ್ನು ತಗ್ಗಿಸಿ ಆತ್ಮನ ಸಮೀಪದಲ್ಲಿ ವಾಸಿಸುವುದು. ಆ ದಿನ ಆಟದಲ್ಲಿ ಘಟಸರ್ಪವಿದ್ದರೇನು, ಹೂವಿನ ಗಿಡವಿದ್ದರೇನು, ವ್ರತಭಂಗ ಒಂದೇ. ಅಜ್ಜಿ ಹೀಗೆ ಹೇಳಿದ್ದರೆ ಹುಡುಗನ ಬಳಿ ಉತ್ತರವಿರುತ್ತಿರಲಿಲ್ಲ. ಅವರು ಕೊಲೆಯ ಮಾತನ್ನೆತ್ತಿದರು, ಅವನು ಸೀರೆಯನ್ನು ತೋರಿಸಿದನು.

ಇನ್ನು ಸೀರೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸಹಸ್ರಾರು ಕುಟುಂಬಗಳು ಹಿಪ್ಪುನೇರಳೆಯನ್ನೂ ಹುಳುವನ್ನೂ ನಂಬಿ ಬದುಕಿವೆ. ಹುಳುವಿನ ಆಯುಷ್ಯ ವ್ರತಿಗಳು ಅರಿತುಕೊಳ್ಳಬೇಕಾದುದು. ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಅದು ನಾಲ್ಕು ಬಾರಿ ಪೊರೆ ಕಳಚುತ್ತದೆ. ರೈತರು ಇದನ್ನು ಜ್ವರಕ್ಕೆ ಕೂರುವುದೆನ್ನುತ್ತಾರೆ. ಆಗ ಅದು ಸೊಪ್ಪು ಮುಟ್ಟುವುದಿಲ್ಲ. ಹಣ್ಣಾದ ಮೇಲೆ ಆಹಾರವನ್ನು ಪೂರ್ತಿಯಾಗಿ ಬಿಟ್ಟು, ಚಂದ್ರಿಕೆಯಲ್ಲಿ ಎರಡು ಮೂರು ದಿನ ತಲೆಯಾಡಿಸುತ್ತ ಬಾಯಿಂದ ಒಂದೇ ಎಳೆಯನ್ನು ತೆಗೆದು ಮೈಸುತ್ತ ಸುತ್ತಿಕೊಳ್ಳುತ್ತದೆ. ದ್ವಿತಳಿ ಗೂಡಿನ ಎಳೆ ಒಂದು ಕಿಲೋಮೀಟರಿನಷ್ಟು ಉದ್ದವಿರುವುದುಂಟು. ಅದು ಆ ಜೀವವು ತನಗಾಗಿ ಮಾಡಿಕೊಂಡ ಕವಚ. ಒಳಗೆ ಕೋಶವಾಗಿ, ಪತಂಗವಾಗಿ, ಹತ್ತು ಹನ್ನೆರಡು ದಿನಗಳಲ್ಲಿ ಅದನ್ನು ತೂತು ಮಾಡಿ ಹೊರಬರಬೇಕು. ತೂತಾದ ಗೂಡಿನಿಂದ ಅಖಂಡವಾದ ನೂಲು ಬರಲಾರದಾದುದರಿಂದ, ಅದಕ್ಕೆ ಮೊದಲೇ ಹಬೆಯಿಂದಲೋ ಬಿಸಿಗಾಳಿಯಿಂದಲೋ ಕುದಿನೀರಿನಿಂದಲೋ ಒಳಗಿನ ಜೀವವನ್ನು ಕೊಲ್ಲುತ್ತಾರೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರೇಳು ಕಿಲೋ ಗೂಡು ಬೇಕು; ಒಂದು ಕಿಲೋದಲ್ಲಿ ಸುಮಾರು 600 ಗೂಡುಗಳಿರುತ್ತವೆ. ಅರ್ಧ ಕಿಲೋ ರೇಷ್ಮೆಯ ಸೀರೆಯೆಂದರೆ ಸುಮಾರು 2000 ಜೀವಗಳು. ಕೃಮಿಯೆಂದು ಎಣಿಸಿ ದ್ವೀಂದ್ರಿಯವೆನ್ನಲಿ, ಪತಂಗವೆಂದು ಎಣಿಸಿ ಚತುರಿಂದ್ರಿಯವೆನ್ನಲಿ, ಅವು ತ್ರಸಜೀವಗಳೆಂಬುದರಲ್ಲಿ ವಿವಾದವಿಲ್ಲ.

ಹೀಗೆ ನೋಡಿದರೆ ಪ್ರಾಣಿಯ ಅವಶೇಷದಿಂದಾದ ನಿಜವಾದ ಕವಚ ಆ ಮನೆಯಲ್ಲಿ ಇದ್ದುದು ಮೊಬೈಲಿನಲ್ಲಲ್ಲ. ಆಟದ ಕವಚಕ್ಕೆ ಒಂದು ಪ್ರಾಮಾಣಿಕತೆಯಾದರೂ ಉಂಟು. ಇದು ಇಂಥ ಪ್ರಾಣಿಯ ಮೂಳೆ, ಇಂಥ ಪ್ರಾಣಿಯ ಹುರುಪೆ ಎಂದು ಅದು ಹೆಸರು ಹಿಡಿದು ಹೇಳುತ್ತದೆ, ಕೊಂದವನು ನೀನೇ ಎಂದೂ ಹೇಳುತ್ತದೆ. ಸೀರೆ ಏನನ್ನೂ ಹೇಳುವುದಿಲ್ಲ. ಅದರ ಅಂಚು, ಬಣ್ಣ, ತೂಕ, ಬೆಲೆ ಇವುಗಳ ಮಾತಿನಲ್ಲಿ ಹುಳುವಿನ ಮಾತು ಬರುವುದಿಲ್ಲ. ದಧೀಚಿಯಂತೆ ಒಪ್ಪಿಗೆ ಕೊಡದ, ಬಕನಂತೆ ಅಪರಾಧವನ್ನೂ ಮಾಡದ ಜೀವ ಅದು. ಆದುದರಿಂದಲೇ ಅದರ ಕಥೆಯನ್ನು ಯಾರೂ ಕಟ್ಟಲಿಲ್ಲವೋ ಏನೋ.

ಪುನ್ನಾಟ ಸಂಘದ ಜಿನಸೇನಾಚಾರ್ಯರ ಹರಿವಂಶ ಪುರಾಣದಲ್ಲಿ (ಕ್ರಿ.ಶ. 783) ಈ ಎರಡೂ ಬಗೆಯ ಪ್ರಸಂಗಗಳು ಒಬ್ಬ ತೀರ್ಥಂಕರರ ಚರಿತ್ರೆಯಲ್ಲಿಯೇ ಬರುತ್ತವೆ. ಕುಮಾರ ನೇಮಿಯು ಕೃಷ್ಣನ ಆಯುಧಶಾಲೆಯನ್ನು ಹೊಕ್ಕು ಶಾರ್ಙ್ಗವನ್ನು ಹೆದೆಯೇರಿಸಿ ಪಾಂಚಜನ್ಯವನ್ನು ಊದಿದನು. ಶಾರ್ಙ್ಗವೆಂಬ ಹೆಸರಿನಲ್ಲಿಯೇ ಕೊಂಬು ಇದೆ. ಶಂಖವಂತೂ ದ್ವೀಂದ್ರಿಯ ಜೀವದ ದೇಹಶೇಷ. ಆ ಆಯುಧಗಳನ್ನು ಕೈಯಲ್ಲಿ ಹಿಡಿದಾಗ ನೇಮಿಗೆ ವೈರಾಗ್ಯ ಹುಟ್ಟಲಿಲ್ಲ. ಹುಟ್ಟಿದುದು ತನ್ನ ಮದುವೆಯ ದಾರಿಯಲ್ಲಿ, ದೊಡ್ಡಿಯಲ್ಲಿ ಕೂಡಿದ್ದ ಪ್ರಾಣಿಗಳ ಕೂಗು ಕಿವಿಗೆ ಬಿದ್ದು, ಅವೆಲ್ಲ ತನ್ನ ವಿವಾಹದ ಊಟಕ್ಕೆಂದು ತಿಳಿದಾಗ. ಆ ಏರ್ಪಾಡು ಯಾರದೇ ಆಗಿರಲಿ, ನೇಮಿಯು ಕೊಲ್ಲೆಂದು ಹೇಳಿರಲಿಲ್ಲ. ತನ್ನ ಹೆಸರಿನಲ್ಲಿ, ತನ್ನ ಕಣ್ಣಿಗೆ ಬೀಳದೆ ನಡೆಯಲಿದ್ದುದನ್ನು ಕಂಡು ರಥವನ್ನು ತಿರುಗಿಸಿ ಊರ್ಜಯಂತಕ್ಕೆ ಹೋದರು. ಕೃತ, ಕಾರಿತ, ಅನುಮೋದನ ಎಂಬ ಮೂರರಲ್ಲಿ ಮೊದಲನೆಯದರಿಂದ ಮಾತ್ರ ದೂರವಿದ್ದು ಶುದ್ಧನೆಂದುಕೊಳ್ಳುವ ಗೃಹಸ್ಥನಿಗೆ ಈ ಪ್ರಸಂಗ ಹಿತವಾದುದಲ್ಲ.

ಇಲ್ಲಿ ಒಂದು ಎಚ್ಚರ ಅಗತ್ಯ. ಶಿಡ್ಲಘಟ್ಟದ ನೂಲು ಬಿಚ್ಚುವವರ ಕಡೆಗೆ ಬೆರಳು ತೋರಿಸುವ ಅಧಿಕಾರ ಸೀರೆ ಕೊಂಡವರಿಗೆ ಇಲ್ಲ. ಇಡೀ ದಿನ ಕುದಿನೀರಿನಲ್ಲಿ ಬೆರಳದ್ದಿ ಹೊಟ್ಟೆ ಹೊರೆಯುವವರ ಉದ್ಯೋಗಕ್ಕಿಂತ, ಆ ನೂಲು ಬೇಕೆಂಬ ಬಯಕೆಯನ್ನು ಮೊದಲು ಪರೀಕ್ಷಿಸಬೇಕು. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಎತ್ತಿಹೇಳಿರುವ ಖರಕರ್ಮಗಳಲ್ಲಿ ಪ್ರಾಣಿಗಳ ಅಂಗಾಂಗಗಳ ವ್ಯಾಪಾರವಾದ ದಂತವಾಣಿಜ್ಯವೂ ಸೇರಿದೆ. ಕೊಳ್ಳುವವರಿಲ್ಲದೆ ಯಾವ ವಾಣಿಜ್ಯವೂ ನಡೆಯದು. ಪತಂಗವು ಹೊರಬಂದ ಮೇಲೆ ಉಳಿದ ಗೂಡಿನಿಂದ ನೂಲುವ "ಅಹಿಂಸಾ ರೇಷ್ಮೆ"ಯನ್ನು ಹೈದರಾಬಾದಿನ ಕುಸುಮಾ ರಾಜಯ್ಯನವರು ಪ್ರಚಾರಕ್ಕೆ ತಂದಿದ್ದಾರೆ. ಅದು ದುಬಾರಿ, ಹೊಳಪೂ ಕಡಿಮೆ. ಹತ್ತಿಯೂ ನಿರ್ದೋಷವೆಂದು ಹೇಳಲಾಗದು. ಹತ್ತಿಯ ಹೊಲಕ್ಕೆ ಹೊಡೆಯುವ ಔಷಧಿಯಿಂದ ಸಾಯುವ ಕೀಟಗಳನ್ನು ಎಣಿಸಿದವರಾರು? ಆದರೂ ಹತ್ತಿಯ ಬಟ್ಟೆ ಕೀಟದ ಸಾವಿನಿಂದಲೇ ಆದುದಲ್ಲ. ರೇಷ್ಮೆಗೆ ಹುಳುವಿನ ಸಾವು ಆಕಸ್ಮಿಕವಲ್ಲ, ಕ್ರಮದ ಒಂದು ಹಂತ.

ಪ್ರಾಣಿಯ ದೇಹದಿಂದ ಬಂದುದೆಲ್ಲ ತ್ಯಾಜ್ಯವೆಂದು ದಿಗಂಬರ ಪರಂಪರೆ ಹೇಳಿಲ್ಲವೆಂಬುದನ್ನೂ ಗಮನಿಸಬೇಕು. ಮುನಿಗಳ ಕೈಯಲ್ಲಿರುವ ಪಿಂಛಿ ನವಿಲಿನ ಗರಿಯದು. ನವಿಲು ತಾನಾಗಿ ಉದುರಿಸಿದ ಗರಿಗಳನ್ನು ಆಯ್ದು ಕಟ್ಟಿದ ಅದು, ಕೂರುವ ನೆಲದ ಮೇಲಿನ ಇರುವೆಯನ್ನು ನೋಯಿಸದೆ ಸರಿಸುವುದಕ್ಕಾಗಿ ಇದೆ. ತತ್ತ್ವಾರ್ಥಸೂತ್ರವನ್ನು ಬರೆದ ಆಚಾರ್ಯರಿಗೆ ಗೃಧ್ರಪಿಂಛರೆಂದೇ ಹೆಸರು. ಅವರ ಕೈಯಲ್ಲಿದ್ದುದು ಹದ್ದಿನ ಗರಿಯೆಂದು ಪ್ರತೀತಿ. ಗರಿಯನ್ನು ಕೊಟ್ಟ ಹಕ್ಕಿ ಆಮೇಲೂ ಹಾರುತ್ತಿತ್ತು.

ಚಿಂತಾಮಣಿಯ ಆ ಮನೆಗೆ ಹಿಂದಿರುಗುವುದಾದರೆ, ಅಲ್ಲಿ ಆಗಬಹುದಾದುದು ದೊಡ್ಡ ಪ್ರತಿಜ್ಞೆಯೇನಲ್ಲ. ಕಾಲಮಿತಿಯಿಂದ ಕೈಗೊಳ್ಳುವುದು ನಿಯಮ, ಜೀವಾವಧಿಗೆ ಕೈಗೊಳ್ಳುವುದು ಯಮ. ಮೊದಲನೆಯದರಿಂದ ಆರಂಭಿಸಲು ಯಾರ ಅಡ್ಡಿಯೂ ಇಲ್ಲ. ಅಷ್ಟಮಿ ಚತುರ್ದಶಿಗಳಂದು ಮೊಬೈಲನ್ನು ಮುಟ್ಟುವುದಿಲ್ಲವೆಂದು ಹುಡುಗ ಒಪ್ಪಿಕೊಳ್ಳಬಹುದು. ಮುಂದಿನ ಪರ್ವದವರೆಗೆ ಹೊಸ ರೇಷ್ಮೆ ಕೊಳ್ಳುವುದಿಲ್ಲವೆಂದು, ಪೂಜೆಗೆ ಹತ್ತಿಯ ಸೀರೆಯನ್ನೇ ಉಡುವೆನೆಂದು ಅಜ್ಜಿ ನಿಶ್ಚಯಿಸಬಹುದು. ಪೆಟ್ಟಿಗೆಯಲ್ಲಿರುವ ಹಳೆಯ ಸೀರೆಗಳನ್ನು ಏನು ಮಾಡುವುದೆಂಬುದು ಅಷ್ಟು ಸುಲಭವಲ್ಲ. ಎಸೆದರೆ ಸತ್ತ ಹುಳು ಬದುಕದು, ಉಟ್ಟರೆ ನೋಡಿದವರಿಗೆ ಆಸೆ ಹುಟ್ಟದೆ ಇರದು. ಅದರಲ್ಲಿ ಒಂದು ಅಜ್ಜಿಯ ಧಾರೆಯ ಸೀರೆ. ಹುಡುಗನ ಅಕ್ಕನಿಗೆ ಈಗ ಗಂಡು ನೋಡುತ್ತಿದ್ದಾರೆ. ಮಾತುಕತೆಯ ದಿನ ಬೀಗರು ಜವಳಿಯ ಪಟ್ಟಿ ಹಿಡಿದು ಕುಳಿತಾಗ, ರೇಷ್ಮೆ ಬೇಡವೆಂಬ ಮಾತನ್ನು ಮನೆಯಲ್ಲಿ ಯಾರು ಎತ್ತಬೇಕೆಂಬುದು ಅಜ್ಜಿಗೂ ಮೊಮ್ಮಗನಿಗೂ ಇನ್ನೂ ತೀರ್ಮಾನವಾಗಬೇಕಾಗಿದೆ.