ಅಜ್ಜಿಯ ಕತೆ, ಅಜ್ಜಿಯ ಲೋಟ

ಪುಟ್ಟ ಮೊಮ್ಮಕ್ಕಳಿಗೆ ಕರುಣೆ ಕಲಿಸುವ ಕೆಲಸವನ್ನು ನಾವು ಬಹುಮಟ್ಟಿಗೆ ಅಜ್ಜಿಯರಿಗೇ ಬಿಟ್ಟಿದ್ದೇವೆ. ಅಪ್ಪ ಅಮ್ಮಂದಿರಿಗೆ ಹೋಂವರ್ಕ್ ಮಾಡಿಸುವಷ್ಟರಲ್ಲೇ ರಾತ್ರಿಯಾಗಿರುತ್ತದೆ. ಆದರೆ ಕರುಣೆ ಎಂಬುದು ಕಲಿಸಿದರೆ ಬರುವಂಥದ್ದೇ? ನೀತಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಈ ಪ್ರಶ್ನೆ ಲೈಬ್ರರಿಗಿಂತ ಹೆಚ್ಚಾಗಿ ಮನೆಯಲ್ಲೇ ಎದುರಾಗುತ್ತದೆ.

ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲೊ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಬಟ್ಟೆ ಒಣಹಾಕುತ್ತಿದ್ದವನ ಕೈಯಿಂದ ಕ್ಲಿಪ್ ಜಾರಿ ಬಿದ್ದು, ಅದು ಎಟುಕದೆ ಅವನು ಒದ್ದಾಡಿದರೆ, 18 ತಿಂಗಳ ಕೂಸುಗಳು ಹೋಗಿ ಎತ್ತಿಕೊಡುತ್ತಿದ್ದವು. ಬೇಕೆಂದೇ ಎಸೆದಾಗ ಬಹುಪಾಲು ಸುಮ್ಮನಿರುತ್ತಿದ್ದವು. ಯಾರೂ ಹೊಗಳಲಿಲ್ಲ, ಯಾರೂ ಚಾಕಲೇಟ್ ಕೊಡಲಿಲ್ಲ. ಅಂದರೆ ಬೀಜ ಮೊದಲೇ ಇದೆ. ಹಾಗಾದರೆ ಅಜ್ಜಿ ಕಲಿಸುವುದೇನು?

ಅಕ್ಕನ ಐದು ವರ್ಷದ ಮಗಳಿಗೆ ನನ್ನಮ್ಮ ಗೋವಿನ ಹಾಡು ಹೇಳುತ್ತಾಳೆ. ಪುಣ್ಯಕೋಟಿ ಕರುವನ್ನು ಬಿಟ್ಟು ಹೊರಡುವಲ್ಲಿ ಇಬ್ಬರ ಕಣ್ಣೂ ಒದ್ದೆ. ಒಮ್ಮೆ ಹುಡುಗಿ, "ಅಜ್ಜಿ, ಹುಲೀಗೂ ಹಸಿವಾಗಿತ್ತಲ್ವಾ?" ಅಂದಳು. ಆ ಹಾಡಿನ ಬಗ್ಗೆ ನಾನು ಕೇಳಿದ ಒಳ್ಳೆಯ ವಿಮರ್ಶೆ ಅದೇ. ಆದರೆ ನನಗೆ ಹಾಡಿನಲ್ಲಿ ದೊಡ್ಡದೆನಿಸುವುದು ಕಣ್ಣೀರಲ್ಲ. ತಬ್ಬಲಿಯಾಗಲಿರುವ ಕರುವನ್ನು ಜೊತೆಯ ಹಸುಗಳಿಗೆ ಒಪ್ಪಿಸುವಾಗ ಪುಣ್ಯಕೋಟಿ ಆಡುವುದು ಕೊಂಬು, ಕಾಲುಗಳ ಮಾತು: ಅದು ಯಾವ ಕಡೆಯಿಂದ ಬಂದರೂ ನೋಯಿಸಬೇಡಿ ಎಂದು.

ನಮ್ಮ ಮನೆಯ ಹಿಂಬಾಗಿಲ ಕಟ್ಟೆಯ ಮೇಲೆ ಸ್ಟೀಲ್ ಲೋಟವೊಂದಿದೆ. ಪಾತ್ರೆ ತೊಳೆಯಲು ಬರುವವರಿಗೆ ಕಾಫಿ ಅದರಲ್ಲೇ. ಅಮ್ಮನದು ಕಲ್ಲು ಮನಸ್ಸಲ್ಲ. ಅವರ ಮಗನ ಫೀಸಿಗೆ ಕೇಳುವ ಮೊದಲೇ ಹಣ ಕೊಟ್ಟವಳು, ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರಿಡುವವಳು. ಆದರೂ ಲೋಟ ಬೇರೆ. ಅದರ ಬಗ್ಗೆ ಯಾರೂ ಮಗುವಿಗೆ ಕತೆ ಹೇಳಿಲ್ಲ. ಕಳೆದ ರಜೆಯಲ್ಲಿ ಅದೇ ಲೋಟದಲ್ಲಿ ನಾನು ನೀರು ಕುಡಿಯಹೋದಾಗ ಹುಡುಗಿ ಓಡಿಬಂದು ತಡೆದಳು: "ಮಾಮಾ, ಅದು ನಮ್ದಲ್ಲ."

ರಾಜರಿಗೆ ಪ್ರಜೆಗಳ ಮೇಲೆ ಮರುಕ ಹುಟ್ಟದಿರುವುದಕ್ಕೆ ರೂಸೋ 1762ರ 'ಎಮಿಲ್'ನಲ್ಲಿ ಕೊಡುವ ಕಾರಣ, ತಾವೆಂದೂ ಅವರಂತಾಗುವುದಿಲ್ಲ ಎಂಬ ಅವರ ಭರವಸೆ. (ಹೀಗೆ ಬರೆದವನು ತನ್ನ ಐವರು ಮಕ್ಕಳನ್ನು ಅನಾಥಾಲಯಕ್ಕೆ ಕಳಿಸಿದ್ದ, ಆ ಮಾತು ಬೇರೆ.) ಬೇರೆ ಲೋಟ ಮಗುವಿಗೆ ಕೊಡುವುದೂ ಅದೇ ಭರವಸೆಯನ್ನು. ಹಾಡಿನ ಹಸುವಿಗಾಗಿ ಅತ್ತರೆ ಮನೆಯಲ್ಲಿ ಏನೂ ಬದಲಾಗಬೇಕಿಲ್ಲ. ಹುಲಿಯ ಹಸಿವನ್ನೂ ಎಣಿಸಬಲ್ಲ ಮಗು ಹಿಂಬಾಗಿಲ ಹತ್ತಿರ ಎಣಿಕೆ ನಿಲ್ಲಿಸುತ್ತದೆ.

ಅಮ್ಮನನ್ನು ಕೇಳಿದೆ. "ಅವರಿಗೇ ಒಗ್ಗಲ್ಲ ಕಣೋ. ಒಳಗೆ ಬಂದು ಕೂತ್ಕೊಳ್ಳಿ ಅಂದ್ರೆ ಸಂಕೋಚ ಪಡ್ತಾರೆ" ಅಂದಳು. ಸುಳ್ಳೇನಲ್ಲ. ಆದರೆ ಆ ಸಂಕೋಚವನ್ನೂ ಅವರು ತಾಯಿಯ ಸೆರಗು ಹಿಡಿದು ಯಾರದೋ ಮನೆಯ ಹಿಂಬಾಗಿಲಲ್ಲಿ ನಿಂತಿದ್ದ ವಯಸ್ಸಿನಲ್ಲೇ ಕಲಿತಿರಬೇಕು, ನಮ್ಮ ಹುಡುಗಿ ಲೋಟ ಗುರುತಿಸಲು ಕಲಿತ ಹಾಗೆ.

ಮೊಮ್ಮಗಳಿಗೆ ಒಳ್ಳೆಯ ಕತೆ ಪುಸ್ತಕ ಕಳಿಸು ಎಂದು ಅಮ್ಮ ಫೋನಿನಲ್ಲಿ ಹೇಳುತ್ತಿರುತ್ತಾಳೆ. ಕಳಿಸುತ್ತೇನೆ. ಮುಂದಿನ ಸಲ ಹೋದಾಗ ಲೋಟದ ಮಾತನ್ನು ಹುಡುಗಿಯ ಎದುರಿಗೇ ತೆಗೆಯಬೇಕೆಂದಿದ್ದೇನೆ. ಅರವತ್ತು ದಾಟಿದ ತಾಯಿಯನ್ನು ಮೊಮ್ಮಗಳ ಮುಂದೆ ಹಾಗೆ ಕೇಳುವುದರಲ್ಲಿ ಕರುಣೆ ಎಷ್ಟಿದೆ ಎಂಬುದು ಇನ್ನೂ ಬಗೆಹರಿದಿಲ್ಲ.