ಬಿಡುವಿನ ಕೈಗೆಲಸ: ಪ್ರಮಾದವೋ, ಸಂಯಮವೋ?

ದುಡಿಮೆಯ ಕಾಲವನ್ನು ಕಳೆಯುವುದಕ್ಕಿಂತ ಬಿಡುವಿನ ಕಾಲವನ್ನು ಕಳೆಯುವುದೇ ಮನುಷ್ಯನಿಗೆ ಕಠಿಣ. ಅಂಗಡಿಯಲ್ಲಿರುವಾಗ ಗಿರಾಕಿಯೂ ಲೆಕ್ಕದ ಪುಸ್ತಕವೂ ಚಿತ್ತವನ್ನು ಹಿಡಿದಿಟ್ಟಿರುತ್ತವೆ. ಅಡುಗೆಮನೆಯಲ್ಲಿ ಒಲೆಯ ಮೇಲಿನ ಪಾತ್ರೆ ಗಮನವನ್ನು ಬೇಡುತ್ತದೆ. ಕೆಲಸ ಮುಗಿದು ಕೈ ಬರಿದಾದೊಡನೆ ಮನಸ್ಸು ಹಳೆಯ ನಷ್ಟವನ್ನೋ, ಬರಬೇಕಾದ ಬಾಕಿಯನ್ನೋ, ನೆಂಟರಾಡಿದ ಮಾತನ್ನೋ ಎತ್ತಿಕೊಂಡು ಅಲ್ಲಿಯೇ ಸುತ್ತತೊಡಗುತ್ತದೆ. ಇಂತಹ ವೇಳೆಯಲ್ಲಿ ಹೊಲಿಗೆ, ಕಸೂತಿ, ಹೆಣಿಗೆ ಮುಂತಾದ ಮನೆಯ ಕೈಗೆಲಸಗಳಿಂದ ಅಲ್ಪ ವೆಚ್ಚದಲ್ಲಿ ನೆಮ್ಮದಿ ದೊರೆಯುತ್ತದೆಂದು ಅನುಭವಿಗಳು ಹೇಳುತ್ತಾರೆ. ಆದರೆ ವ್ರತನಿಷ್ಠ ಶ್ರಾವಕನಿಗೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ಹೊಟ್ಟೆಪಾಡಿಗೂ ಅಲ್ಲದ, ಪೂಜೆ-ಸ್ವಾಧ್ಯಾಯಗಳಲ್ಲಿಯೂ ಸೇರದ ಈ ಕೆಲಸವು ಪ್ರಮಾದವೋ, ಅಥವಾ ಸಂಯಮಕ್ಕೆ ಸಹಾಯಕವೋ?

ಪ್ರಶ್ನೆ ಕ್ಷುಲ್ಲಕವಲ್ಲ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನಿಗೆ ಅನರ್ಥದಂಡವಿರತಿಯನ್ನು ಒಂದು ಗುಣವ್ರತವಾಗಿ ವಿಧಿಸಿದ್ದಾರೆ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಅನರ್ಥದಂಡವು 5 ಬಗೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಬಳ್ಳಿಗಳನ್ನು ಕತ್ತರಿಸುವುದು, ಸುಮ್ಮನೆ ಅಲೆಯುವುದು ಪ್ರಮಾದಚರ್ಯೆ ಎನಿಸುತ್ತದೆ. ವಿನೋದಕ್ಕಾಗಿ ಮಾಡುವ ಕೈಗೆಲಸವೂ ಈ ಸಾಲಿಗೆ ಸೇರುವುದಿಲ್ಲವೇ ಎಂದು ಕೇಳುವವರ ಸಂದೇಹವನ್ನು ತಳ್ಳಿಹಾಕುವಂತಿಲ್ಲ.

ಆದರೆ ಅದೇ ಪಟ್ಟಿಯಲ್ಲಿ ಅಪಧ್ಯಾನವೂ ಇದೆ ಎಂಬುದನ್ನು ಮರೆಯಬಾರದು. ಕೈ ಸುಮ್ಮನಿದ್ದ ಮಾತ್ರಕ್ಕೆ ಕರ್ಮಬಂಧ ನಿಲ್ಲುವುದಿಲ್ಲ. ಒಲ್ಲದುದು ಬಂದಿತೆಂಬ ಕೊರಗು, ಒಲಿದುದು ಹೋಯಿತೆಂಬ ದುಃಖ, ನೋವಿನ ಚಿಂತೆ, ಮುಂದಿನ ಭೋಗದ ಹಂಬಲ ಎಂದು ಆರ್ತಧ್ಯಾನವನ್ನು 4 ವಿಧವಾಗಿ ಶಾಸ್ತ್ರಕಾರರು ವಿಂಗಡಿಸಿದ್ದಾರೆ. ಇಂದಿನ ಜನ ಮಾನಸಿಕ ಒತ್ತಡವೆಂದು ಕರೆಯುವುದರ ಬಹುಭಾಗ ಈ ನಾಲ್ಕರಲ್ಲಿಯೇ ಅಡಗಿದೆ. ಆದ್ದರಿಂದ ಕೈಗೆಲಸವನ್ನು ಸ್ವಾಧ್ಯಾಯದೊಡನೆ ತೂಗಿ ಹಗುರವೆನ್ನುವ ಮೊದಲು, ಆ ಹೊತ್ತಿನಲ್ಲಿ ಮನಸ್ಸು ನಿಜವಾಗಿ ಏನು ಮಾಡುತ್ತಿತ್ತೆಂದು ನೋಡಬೇಕು. ಸ್ವಾಧ್ಯಾಯ ಮಾಡಬಲ್ಲವನು ಅದನ್ನೇ ಮಾಡಲಿ. ಪುಸ್ತಕ ತೆರೆದರೂ ಅಕ್ಷರ ಕಾಣದಷ್ಟು ಕಳವಳಗೊಂಡವನಿಗೆ ಬೇರೊಂದು ಮೆಟ್ಟಿಲು ಬೇಕಾಗುತ್ತದೆ.

ಕೈಗೆಲಸವು ಆ ಮೆಟ್ಟಿಲಾಗುವ ಬಗೆಯನ್ನು ಧಾರವಾಡ ಸೀಮೆಯ ಕಸೂತಿಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ 4 ಹೊಲಿಗೆಗಳ ಈ ಕಲೆಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ; ಹಾಸುಹೊಕ್ಕುಗಳ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಕಮಲ, ಆನೆಗಳನ್ನು ಮೂಡಿಸಬೇಕು. ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿಯಲ್ಲಿ ಬಟ್ಟೆಯ ಎರಡು ಮಗ್ಗುಲೂ ಒಂದೇ ರೀತಿ ಕಾಣುತ್ತವೆ. ಜಮೆ-ಖರ್ಚು ತಾಳೆಯಾದ ಖಾತೆಯಂತೆ, ಅಲ್ಲಿ ಮರೆಮಾಡಲು ಹಿಂಬದಿಯೇ ಇಲ್ಲ. ಒಂದೆಳೆ ತಪ್ಪಿದರೆ ನಾಲ್ಕು ಬೆರಳು ಮುಂದೆ ಹೋದ ಮೇಲೆ ತಪ್ಪು ಎದ್ದು ಕಾಣುತ್ತದೆ. ಆಗ ಬಿಚ್ಚಿ ಮತ್ತೆ ಹೊಲಿಯದೆ ಗತ್ಯಂತರವಿಲ್ಲ. ಎಳೆಯನ್ನು ಎಣಿಸುತ್ತಿರುವ ಮನಸ್ಸು ಅದೇ ಕ್ಷಣದಲ್ಲಿ ನಾದಿನಿಯ ಮಾತನ್ನು ಎಣಿಸಲಾರದು. ಬಲವಂತದಿಂದ ಚಿಂತೆಯನ್ನು ಅಟ್ಟುವುದು ಕಷ್ಟ. ಅದಕ್ಕೆ ಕೂರಲು ಜಾಗವಿಲ್ಲದಂತೆ ಮಾಡುವುದು ಸುಲಭ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪುನರ್ವಸತಿ ಸೇವೆಯಲ್ಲಿ ಹೊಲಿಗೆ, ಬಡಗಿತನದಂತಹ ಕೆಲಸಗಳಿಗೆ ಸ್ಥಾನವಿರುವುದು ಮನಸ್ಸಿಗೂ ಕೈಗೂ ಇರುವ ಸಂಬಂಧವನ್ನು ವೈದ್ಯರೂ ಮನಗಂಡಿರುವುದಕ್ಕೆ ಸಾಕ್ಷಿ.

ಇದನ್ನು ಸಾಮಾಯಿಕವೆಂದು ಭ್ರಮಿಸಬಾರದು. ಒಂದು ಮುಹೂರ್ತ, ಅಂದರೆ 48 ನಿಮಿಷ, ಸಾವದ್ಯವನ್ನು ತೊರೆದು ಸಮಭಾವದಲ್ಲಿ ನೆಲಸುವುದು ಸಾಮಾಯಿಕ. ಹೊಲಿಗೆಯಲ್ಲಿ ಚಿತ್ತವು ಆತ್ಮನಲ್ಲಿ ನಿಲ್ಲುವುದಿಲ್ಲ, ಬಟ್ಟೆಯಲ್ಲಿ ನಿಲ್ಲುತ್ತದೆ. ಆದರೂ ಒಂದೆಡೆ ನಿಲ್ಲಲು ಕಲಿತ ಚಿತ್ತವನ್ನು ಇನ್ನೊಂದೆಡೆ ನಿಲ್ಲಿಸುವುದು ಅಷ್ಟು ದುಸ್ತರವಲ್ಲ. ಇಷ್ಟೇ ಅದರ ಬೆಲೆ. ಇದು ಸಣ್ಣ ಬೆಲೆಯೇನೂ ಅಲ್ಲ.

ಕೈಗೆಲಸ ಕೀಳೆಂಬ ಭಾವನೆಗೂ ಜೈನ ಪರಂಪರೆಯಲ್ಲಿ ಆಧಾರವಿಲ್ಲ. ಕಲ್ಪವೃಕ್ಷಗಳು ಮರೆಯಾಗಿ ಪ್ರಜೆಗಳು ಕಂಗೆಟ್ಟಾಗ ಆದಿನಾಥ ಸ್ವಾಮಿಯು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಬೋಧಿಸಿದನೆಂದು ಜಿನಸೇನಾಚಾರ್ಯರ ಆದಿಪುರಾಣವು ತಿಳಿಸುತ್ತದೆ. ಶಿಲ್ಪವೆಂದರೆ ಕಲ್ಲುಕೆತ್ತನೆ ಮಾತ್ರವಲ್ಲ, ಹಸ್ತಕೌಶಲ. ವಾಣಿಜ್ಯದ ಪಕ್ಕದಲ್ಲಿಯೇ ಅದಕ್ಕೆ ಸ್ಥಾನವಿದೆ ಎಂಬುದನ್ನು ವ್ಯಾಪಾರಿ ಮನೆತನಗಳು ವಿಶೇಷವಾಗಿ ಗಮನಿಸಬೇಕು.

ಇನ್ನು ವೆಚ್ಚದ ವಿಷಯ. ಉತ್ತರ ಕರ್ನಾಟಕದ ಮನೆಗಳ ಕೌದಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸವೆದ ಸೀರೆ, ಹರಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿಗಳೇ ಅದರ ಬಂಡವಾಳ. ಕೊಳ್ಳಬೇಕಾದುದು ಸೂಜಿ ಮತ್ತು ನೂಲು ಮಾತ್ರ. ಪದರದ ಮೇಲೆ ಪದರವಿಟ್ಟು, ಅಂಚಿನಿಂದ ಆರಂಭಿಸಿ ಸಾಲುಸಾಲಾಗಿ ಹೊಲಿಗೆ ಹಾಕುತ್ತ ನಡುವಿಗೆ ಬರುವಷ್ಟರಲ್ಲಿ ಹಲವು ಮಧ್ಯಾಹ್ನಗಳು ಸಂದಿರುತ್ತವೆ. ಇಷ್ಟು ಶ್ರಮಕ್ಕೆ ಕೂಲಿ ಕಟ್ಟಿದರೆ ಪೇಟೆಯ ಹೊದಿಕೆಯೇ ಅಗ್ಗವೆಂದು ಲೆಕ್ಕಿಗರು ವಾದಿಸಬಹುದು. ಲೆಕ್ಕ ಸರಿ, ಆದರೆ ಬರೆದ ಖಾತೆ ತಪ್ಪು. ಆ ಮಧ್ಯಾಹ್ನಗಳ ನೆಮ್ಮದಿ ಖರ್ಚಿನ ಬದಿಗೆ ಬರುವಂಥದಲ್ಲ, ಜಮೆಯ ಬದಿಗೆ ಬರುವಂಥದು.

ಆದರೆ ಕೈಗೆಲಸವೆಲ್ಲವೂ ಒಂದೇ ಅಲ್ಲ. ಅದನ್ನು ಧರ್ಮದ ಒರೆಗಲ್ಲಿಗೆ ಹಚ್ಚಿದಾಗ ಮೊದಲು ಪರೀಕ್ಷಿಸಬೇಕಾದುದು ಸಾಮಗ್ರಿಯನ್ನು. ಸಾಂಪ್ರದಾಯಿಕ ಕಸೂತಿಗೆ ಬಳಸುವುದು ರೇಷ್ಮೆ ಎಳೆ. ಗೂಡಿನೊಳಗಿನ ಜೀವವನ್ನು ಬಿಸಿಯಿಂದ ಕೊಂದೇ ಸಾಮಾನ್ಯ ರೇಷ್ಮೆಯ ನೂಲನ್ನು ಬಿಚ್ಚಲಾಗುತ್ತದೆ. ಅದೇ ಗವಂತಿಯನ್ನು ಹತ್ತಿಯ ನೂಲಿನಿಂದ ಹೊಲಿಯಲು ಏನು ಅಡ್ಡಿ? ಶ್ರಾವಕರಿಗೆ ಹೇಯವೆನಿಸಿದ ವ್ಯಾಪಾರಗಳಲ್ಲಿ ದಂತವಾಣಿಜ್ಯ, ಲಾಕ್ಷಾವಾಣಿಜ್ಯಗಳನ್ನು ಹಿಂದಿನವರು ಎಣಿಸಿದ್ದರು. ದಂತ ಮತ್ತು ಅರಗುಗಳನ್ನು ಮಾರಲೊಲ್ಲದವನು ಅವುಗಳಿಂದ ಆಟವಾಡುವುದು ಹೇಗೆ ಉಚಿತ? ಪ್ರಾಣಿಗಳ ಚರ್ಮ, ಎಲುಬುಗಳಿಂದಾದ ಅಂಟಿಗೆ ಬದಲಾಗಿ ಅನೇಕ ಕಾಗದದ ಕೆಲಸಗಳಿಗೆ ಮೈದಾ ಅಂಟು ಸಾಕು. ಚಾತುರ್ಮಾಸದಲ್ಲಿ ದೀಪಕ್ಕೆ ಮುತ್ತುವ ಕೀಟಗಳನ್ನು ನೆನೆದು ಹಗಲಿನ ಬೆಳಕಿನಲ್ಲಿಯೇ ಕೆಲಸ ಮುಗಿಸುವುದು ಲೇಸು. ಕಣ್ಣಿಗೂ ಅದೇ ಹಿತ.

ಎರಡನೆಯ ಪರೀಕ್ಷೆ ಪರಿಗ್ರಹದ್ದು. ಇಂದು ಹವ್ಯಾಸವೇ ಒಂದು ವ್ಯಾಪಾರವಾಗಿದೆ. ಬಣ್ಣಬಣ್ಣದ ಕಾಗದ, ಮಣಿ, ದಾರ, ಹೊಸ ಹೊಸ ಸಲಕರಣೆಗಳು ಅಂಗಡಿಗಳಲ್ಲಿ ಕಣ್ಸೆಳೆಯುತ್ತವೆ. ಶಾಂತಿಗಾಗಿ ಕೊಂಡ ಸಾಮಾನು ಕಪಾಟು ತುಂಬಿ, ಅರ್ಧಕ್ಕೆ ನಿಂತ ಕೆಲಸಗಳು ಸಾಲದ ಚೀಟಿಗಳಂತೆ ಎದುರಿಗೆ ನಿಂತರೆ ಅಶಾಂತಿಯನ್ನೇ ಹಣಕೊಟ್ಟು ತಂದಂತಾಯಿತು. ಉಮಾಸ್ವಾತಿ ಆಚಾರ್ಯರು ಪರಿಗ್ರಹವನ್ನು ವಸ್ತುವಿನಲ್ಲಿ ಅಲ್ಲ, ಮೂರ್ಛೆಯಲ್ಲಿ, ಅಂದರೆ ಮಮತೆಯಲ್ಲಿ ಗುರುತಿಸಿದರು. ಕೈಯಲ್ಲಿರುವುದನ್ನು ಮುಗಿಸಿದ ಹೊರತು ಹೊಸದನ್ನು ತರುವುದಿಲ್ಲವೆಂಬ ಸಣ್ಣ ಪರಿಮಾಣವ್ರತವು ಇಲ್ಲಿ ಬಹಳ ಉಪಕಾರಿ.

ಮೂರನೆಯದು ಮಾನಕಷಾಯದ ಪರೀಕ್ಷೆ. ಮಾಡಿದುದನ್ನು ನಾಲ್ವರಿಗೆ ತೋರಿಸಬೇಕು, ಮೆಚ್ಚುಗೆ ಬಾರದಿದ್ದರೆ ಮುಖ ಬಾಡಬೇಕು ಎಂಬಲ್ಲಿಗೆ ಬಂದರೆ ಒತ್ತಡ ಕಳೆಯಲು ಹಿಡಿದ ಸೂಜಿಯೇ ಒತ್ತಡವನ್ನು ಹೊಲಿಯತೊಡಗುತ್ತದೆ. ಬಸದಿಯ ದೀಪಕ್ಕೆಂದು ಬತ್ತಿ ಹೊಸೆಯುವ ಅಜ್ಜಿಯ ಕೆಲಸ ಸಂಜೆಗೆ ಉರಿದುಹೋಗುತ್ತದೆ. ಮರುದಿನ ಆಕೆ ಮತ್ತೆ ಹತ್ತಿ ಹಿಡಿದು ಕೂರುತ್ತಾಳೆ. ಫಲದ ಮೇಲೆ ಮಮತೆಯಿಲ್ಲದ ಕೈಗೆಲಸಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ನೆಮ್ಮದಿಯನ್ನು ಸ್ತ್ರೀಯರಿಗೆ ಮಾತ್ರ ಬಿಟ್ಟುಕೊಟ್ಟಿರುವುದು ಪುರುಷರ ನಷ್ಟ. ಅಂಗಡಿಯನ್ನು ಮಕ್ಕಳಿಗೊಪ್ಪಿಸಿದ ಹಿರಿಯನು ಕೈಗೆ ಕೆಲಸವಿಲ್ಲದೆ ಗಲ್ಲೆಯ ಬಳಿ ಬಂದು ಕುಳಿತು, ಪ್ರತಿ ವ್ಯವಹಾರದಲ್ಲಿಯೂ ತಪ್ಪು ಹುಡುಕಿ, ಮಗನಿಗೂ ತನಗೂ ಕ್ಲೇಶ ತಂದುಕೊಳ್ಳುವ ದೃಶ್ಯ ಅಪರೂಪವಲ್ಲ. ಆತನಿಗೆ ಕೊರತೆಯಾಗಿರುವುದು ಗೌರವವಲ್ಲ, ತನ್ನದೆನ್ನಬಹುದಾದ ಒಂದು ಕೆಲಸ.

ಇಲ್ಲಿ ಬಸದಿಗಳ ಆಡಳಿತ ಮಂಡಳಿಗಳೂ ನೆರವಾಗಬಲ್ಲವು. 10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆ ದಾನದ ಹಿಂದೆ ಓಲೆಗರಿಯ ಮೇಲೆ ಕಂಠ ಹಿಡಿದ ಎಷ್ಟೋ ಕೈಗಳ ತಾಳ್ಮೆಯಿದೆ. ಶ್ರುತಪಂಚಮಿಯಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳೊರೆಸಿ, ಹೊಸ ವೇಷ್ಟನ ಸುತ್ತುವ ರೂಢಿ ಅನೇಕ ಕಡೆಗಳಲ್ಲಿದೆ. ಆ ವೇಷ್ಟನಗಳನ್ನು ಪೇಟೆಯಿಂದ ತರಿಸುವ ಬದಲು, ಜ್ಯೇಷ್ಠ ಮಾಸಕ್ಕೆ ಮುನ್ನವೇ ಹತ್ತಿ ಬಟ್ಟೆಯನ್ನು ಮನೆಮನೆಗೆ ಹಂಚಿ, ಅಂಚು ಮಡಿಚಿ ಹೊಲಿದುಕೊಡುವಂತೆ ಹಿರಿಯರನ್ನೂ ಮಕ್ಕಳನ್ನೂ ಕೇಳಬಹುದು. ಖರ್ಚು ಅತ್ಯಲ್ಪ. ಹೊಲಿಯುವವನ ಬಿಡುವು ಶ್ರುತಸೇವೆಯಾಗುತ್ತದೆ. ಮುಂದೊಂದು ದಿನ ಆ ವೇಷ್ಟನದೊಳಗಿನ ಗ್ರಂಥವನ್ನು ಬಿಚ್ಚಿ ಓದುವ ಆಸೆಯೂ ಹುಟ್ಟಬಹುದು.

ಹೀಗೆ ನೋಡಿದಾಗ ಕೈಗೆಲಸವು ತಾನಾಗಿ ಪ್ರಮಾದವೂ ಅಲ್ಲ, ಸಂಯಮವೂ ಅಲ್ಲ. ಜೀವಕ್ಕೆ ನೋವಿಲ್ಲದ ಸಾಮಗ್ರಿ, ಮಿತಿಯರಿತ ಸಂಗ್ರಹ, ಹೊಗಳಿಕೆಯನ್ನು ಕಾಯದ ಮನಸ್ಸು, ಈ ಮೂರು ಕೂಡಿದಲ್ಲಿ ಅದು ಸಂಯಮದ ಕಡೆಗೆ ವಾಲುತ್ತದೆ. ಕೆಲಸ ಮಡಿಚಿಟ್ಟು ಮೇಲೇಳುವಾಗ ಮನೆಯವರೊಡನೆ ಆಡುವ ಮೊದಲ ಮಾತು ಮೃದುವಾಗಿದ್ದರೆ, ಆ ಹೊತ್ತು ವ್ಯರ್ಥವಾಗಲಿಲ್ಲವೆಂದು ಶ್ರಾವಕನು ತಿಳಿಯಬಹುದು.